ಎಡಗಡೆಯ ಗೋಡೆ

ಆ ಕ್ಯಾರವಾನ್ ನಮ್ಮದಾಗಿರಲಿಲ್ಲ. ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಸಹೋದ್ಯೋಗಿಯೊಬ್ಬರದು. ಕಾರಿನ ಹಿಂದಕ್ಕೆ ಕೊಕ್ಕೆ ಸಿಕ್ಕಿಸಿ ಎಳೆದುಕೊಂಡು ಹೋಗುವ, ಚಕ್ರದ ಮೇಲಿನ ಬಿಳಿ ಮನೆ ಅದು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ತೊಳೆಯುವಷ್ಟು ಸಿಂಕು, ಕಿಟಕಿಗೆ ಹೂವಿನ ಪರದೆ ಎಲ್ಲ ಇದ್ದವು. ಅವರು ಮಂಡಿಯ ಆಪರೇಷನ್ ಮಾಡಿಸಿಕೊಂಡು ಆ ಬೇಸಿಗೆ ಮನೆಯಲ್ಲೇ ಕೂತಿದ್ದರು. ಸುಮ್ಮನೆ ನಿಂತರೆ ಟೈರು ಕೆಡುತ್ತವೆ, ನೀವಾದರೂ ಸುತ್ತಾಡಿಸಿಕೊಂಡು ಬನ್ನಿ ಎಂದು ಬೀಗದ ಕೈ ಕೊಟ್ಟರಂತೆ.

ನಾವು ಆಗ ಬರ್ಮಿಂಗ್‌ಹ್ಯಾಮಿನಲ್ಲಿದ್ದೆವು, ಎಜ್‌ಬಾಸ್ಟನ್‌ನಿಂದ ಸ್ವಲ್ಪ ಆಚೆ. ನನ್ನ ಗಂಡ ಗೇರ್‌ಬಾಕ್ಸ್ ವಿನ್ಯಾಸ ಮಾಡುವ ಇಂಜಿನಿಯರ್. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ಮಗಳು ಪ್ರೈಮರಿ ಶಾಲೆಯಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ವರ್ಷ ಧಾರವಾಡದಿಂದ ನನ್ನ ಗಂಡನ ಅಕ್ಕ ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆ ಮಾಡಿಕೊಳ್ಳದವರು, ತಮ್ಮನಿಗಿಂತ ಬಹಳ ದೊಡ್ಡವರು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುವ ನನ್ನ ಗಂಡ ಅಕ್ಕನ ಮುಂದೆ ನಿಂತರೆ ಸಾಕು, ಧಾರವಾಡದ ಹುಡುಗನಾಗಿಬಿಡುತ್ತಿದ್ದರು.

ಪೀಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್ ಡೇಲ್ಸ್, ಲೇಕ್ ಡಿಸ್ಟ್ರಿಕ್ಟ್ - ಹೀಗೆ ಒಂದಾದ ಮೇಲೊಂದು ಮೂರು ಗುಡ್ಡಗಾಡಿನ ರಾಷ್ಟ್ರೀಯ ಉದ್ಯಾನಗಳನ್ನು ಅಕ್ಕನಿಗೆ ತೋರಿಸಿಕೊಂಡು ಬರುವುದೆಂದು ನಿಶ್ಚಯವಾಯಿತು. ಉದ್ಯಾನವೆಂದರೆ ಬೇಲಿ ಹಾಕಿ ಹುಲಿ ಸಾಕುವ ಜಾಗವಲ್ಲ, ಹಳ್ಳಿ, ಹೊಲ, ಬೆಟ್ಟ, ಕುರಿ ಎಲ್ಲ ಸೇರಿದ್ದು ಎಂದು ನನ್ನ ಗಂಡ ವಿವರಿಸಿದರು. "ಹಂಗಾದ್ರ ನಮ್ಮ ಕಲಘಟಗಿ ತಾಲೂಕೂ ನ್ಯಾಶನಲ್ ಪಾರ್ಕ ಬಿಡು" ಎಂದರು ಅಕ್ಕ.

ಹೊರಡುವ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಕಂಬಕ್ಕೆ ಕ್ಯಾರವಾನಿನ ಎಡ ಪಕ್ಕೆ ಉಜ್ಜಿತು. ಸದ್ದು ಕೇಳಿ ಪಕ್ಕದ ಮನೆಯವರು ಕಿಟಕಿ ತೆರೆದರು. ನನ್ನ ಗಂಡ ಇಳಿದು ನೋಡಿ, ಗೆರೆಯ ಮೇಲೆ ಬೆರಳಾಡಿಸಿ, "ಮೊದಲ ದಿನ ಅಲ್ವಾ, ಅಳತೆ ಸಿಕ್ಕಿಲ್ಲ" ಎಂದು ನಕ್ಕರು. ನನಗೂ ಅದೇ ಸರಿ ಎನಿಸಿತು. ಕಾರಿಗಿಂತ ಅಗಲವಾದದ್ದನ್ನು ಯಾರು ಎಳೆದರೂ ಮೊದಮೊದಲು ಹೀಗೇ ಆಗುತ್ತದೆ.

ಪೀಕ್ ಡಿಸ್ಟ್ರಿಕ್ಟಿನ ದಾರಿಗಳ ಎರಡೂ ಬದಿಗೆ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳು. ಈ ದೇಶದಲ್ಲೂ ನಮ್ಮಲ್ಲಿಯ ಹಾಗೆ ಡ್ರೈವರು ಕೂರುವುದು ಬಲಕ್ಕೆ, ಗಾಡಿ ಓಡುವುದು ಎಡಕ್ಕೆ. ಹಾಗಾಗಿ ಎಡಗಡೆಯ ಸೀಟಿನಲ್ಲಿ ಭೂಪಟ ಹಿಡಿದು ಕೂತ ನನ್ನ ಮೊಣಕೈ ಪಕ್ಕದಲ್ಲೇ ಗೋಡೆ ಓಡುತ್ತಿತ್ತು. ಕಲ್ಲಿನ ಮೇಲಿನ ಪಾಚಿ, ಸಂದಿಯಲ್ಲಿ ಸಿಕ್ಕಿದ ಕುರಿಯ ಉಣ್ಣೆ ಎಲ್ಲ ಕಾಣುವಷ್ಟು ಹತ್ತಿರ.

"ರೀ, ಸ್ವಲ್ಪ ಬಲಕ್ಕೆ ತಗೊಳ್ಳಿ."

"ಬೇಕಾದಷ್ಟು ಜಾಗ ಇದೆ."

"ಇಲ್ಲ, ಗೋಡೆ ಇಲ್ಲೇ ಇದೆ, ನನ್ನ ಪಕ್ಕದಲ್ಲಿ."

ಅವರು ಬಲಕ್ಕೆ ಎಳೆಯುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಗಾಡಿ ಮತ್ತೆ ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು, ಇಳಿಜಾರಿನಲ್ಲಿ ನೀರು ಸರಿದ ಹಾಗೆ. ಒಂದು ತಿರುವಿನಲ್ಲಿ ಟಪ್ಪೆಂದು ಸದ್ದಾಗಿ ನನ್ನ ಕಡೆಯ ಕನ್ನಡಿ ಹಾರಿಹೋಯಿತು. ಮಗಳು ಕಿರುಚಿದಳು. ನನ್ನ ಗಂಡ ಗಾಡಿ ನಿಲ್ಲಿಸಿ, ನಿಜವಾಗಿಯೂ ಆಶ್ಚರ್ಯಪಟ್ಟು, "ಇಲ್ಲಿ ಗೋಡೆ ಎಲ್ಲಿಂದ ಬಂತು?" ಎಂದು ಕೇಳಿದರು. ನಾವು ನಾಲ್ವರೂ ಬೆಳಗಿನಿಂದ ಅದೇ ಗೋಡೆಯ ಪಕ್ಕದಲ್ಲಿ ಬಂದಿದ್ದೆವು.

ಮರುದಿನ ಬೆಳಿಗ್ಗೆ ಕ್ಯಾರವಾನಿನ ಪುಟ್ಟ ಒಲೆಯ ಮೇಲೆ ಅಕ್ಕ ಉಪ್ಪಿಟ್ಟು ಮಾಡಿದ್ದರು. ಹೊರಗೆ ಮಂಜು ಕವಿದು ಪಕ್ಕದ ಡೇರೆಗಳೂ ಕಾಣುತ್ತಿರಲಿಲ್ಲ. ನನ್ನ ಗಂಡ ತಿಂದು, ತಟ್ಟೆ ಪಕ್ಕಕ್ಕೆ ಸರಿಸಿ, "ಇನ್ನೊಂದೀಟ ಹಾಕು ಅಕ್ಕಾ" ಎಂದರು. ತಟ್ಟೆಯಲ್ಲಿ ಎಡಗಡೆಯ ಅರ್ಧ ಉಪ್ಪಿಟ್ಟು ಹಾಗೇ ಇತ್ತು. ನಡುವೆ ಯಾರೋ ಚಾಕುವಿನಿಂದ ಗೆರೆ ಕೊರೆದು ಬಲಗಡೆಯದನ್ನು ಮಾತ್ರ ಎತ್ತಿಕೊಂಡ ಹಾಗೆ.

"ತಾಟಿನ್ಯಾಗ ಇರೂದನ್ನ ತಿನ್ನೋ ಮೊದಲ."

"ಎಲ್ಲೈತಿ? ತಿಂದ್ನೆಲ್ಲಾ."

ಅಕ್ಕ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಈಗ ಉಪ್ಪಿಟ್ಟು ಬಲಕ್ಕೆ ಬಂತು. "ಅರೆ" ಎಂದು ನನ್ನ ಗಂಡ ಅದನ್ನು ತಿಂದು ಮುಗಿಸಿದರು. ಅಕ್ಕ ನನ್ನ ಮುಖ ನೋಡಿದರು. ನಾನು ಗಂಡನಿಗೆ ತಮಾಷೆ ಹೆಚ್ಚಾಯಿತೆಂದುಕೊಂಡು ಚಹಾ ಸೋಸುವುದಕ್ಕೆ ತಿರುಗಿದೆ. ಆದರೆ ಕೈಯಲ್ಲಿ ಸೋಸಣಿಗೆ ಹಿಡಿದು ನಿಂತವಳಿಗೆ ಚಹಾ ಉಕ್ಕಿ ಒಲೆಗೆ ಬೀಳುವವರೆಗೂ ಎಚ್ಚರವಿರಲಿಲ್ಲ.

ಹಡರ್ಸ್‌ಫೀಲ್ಡಿನ ಮೇಲೆ ಹಾದು ಯಾರ್ಕ್‌ಷೈರ್ ಡೇಲ್ಸಿಗೆ ಹೋದೆವು. ದಾರಿಯಲ್ಲಿ ಎಡಕ್ಕೆ ತಿರುಗಬೇಕಾದ ಕಡೆಯೆಲ್ಲ ತಪ್ಪಿತು. "ಎಡಕ್ಕೆ, ಎಡಕ್ಕೆ" ಎಂದು ನಾನು ಹೇಳುತ್ತಿದ್ದಂತೆ ಕೂಡುರಸ್ತೆ ಹಿಂದೆ ಬೀಳುತ್ತಿತ್ತು. "ಮೊದಲೇ ಹೇಳಬಾರದಾ?" ಎಂದು ರೇಗುತ್ತಿದ್ದರು. ಅವರು ರೇಗುವ ಮನುಷ್ಯರೇ ಅಲ್ಲ. ಮದುವೆಯಾದಂದಿನಿಂದ ಅವರ ದನಿ ಏರಿದ್ದನ್ನು ಕೇಳಿದ ನೆನಪಿರಲಿಲ್ಲ ನನಗೆ. ಬೆಳಿಗ್ಗೆ ಎದ್ದಾಗ ಹಣೆ ಒತ್ತಿಕೊಂಡು ಹಾಸಿಗೆಯ ಅಂಚಿನಲ್ಲಿ ತುಂಬ ಹೊತ್ತು ಕೂರುತ್ತಿದ್ದರು. ಕೇಳಿದರೆ, ಕ್ಯಾರವಾನಿನ ದಿಂಬು ಸರಿಯಿಲ್ಲ ಎನ್ನುತ್ತಿದ್ದರು. ಮನೆಗೆ ಹೋದ ಕೂಡಲೇ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ, ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳೋಣ ಎಂದೆ. "ಕತ್ತು ನೋವಿಗೆಲ್ಲ ಜಿಪಿ ಯಾಕೆ?" ಎಂದರು.

ಡೇಲ್ಸಿನ ಎರಡನೆಯ ಬೆಳಿಗ್ಗೆ ಅವರು ಗಡ್ಡ ಬೋಳಿಸಿಕೊಂಡು ಬಂದಾಗ ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿತ್ತು.

"ಅರ್ಧಾ ಗಡ್ಡ ಬಿಟ್ಟೀಯಲ್ಲೋ" ಎಂದರು ಅಕ್ಕ.

"ಕನ್ನಡಿ ಸಣ್ಣದೈತಿ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಗುವುದಕ್ಕೆ ನೋಡಿದೆ. ಅಕ್ಕ ಒದ್ದೆ ಟವೆಲ್ ತಂದು, ಎಳೆಯ ಮಗುವಿಗೆ ಒರೆಸುವ ಹಾಗೆ, ತಮ್ಮನ ಎಡಗೆನ್ನೆ ಒರೆಸಿದರು. ಅವರು ಒರೆಸುತ್ತಿದ್ದಾಗಲೂ ನನ್ನ ಗಂಡ ಬಲಗಡೆಗೇ ನೋಡುತ್ತಿದ್ದರು. ಆಮೇಲೆ ಅಕ್ಕ ನನ್ನನ್ನು ನೀರು ತರುವ ನೆಪದಲ್ಲಿ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, "ನಿನ್ನ ಗಂಡಗ ಏನೋ ಆಗೇತಿ ನೋಡವಾ" ಎಂದರು. "ಮನೀಗೆ ಹೋಗೂಣು."

ಹಿಂದಕ್ಕೆ ಹೋಗೋಣವೆಂದು ನಾನು ಹೇಳಿದೆ. ಅಕ್ಕನಿಗೆ ಚಳಿ ಆಗಿಬರುತ್ತಿಲ್ಲ ಎಂಬ ಕಾರಣವನ್ನೂ ಕೊಟ್ಟೆ. ನನ್ನ ಗಂಡ ಒಪ್ಪಲಿಲ್ಲ. ಲೇಕ್ ಡಿಸ್ಟ್ರಿಕ್ಟ್ ನೋಡದೆ ಹೋದರೆ ಇಷ್ಟು ದೂರ ಬಂದು ಏನು ಪ್ರಯೋಜನ ಎಂದರು. ಹಾಗಾದರೆ ನಾನು ಓಡಿಸುತ್ತೇನೆ ಎಂದರೆ, ಕ್ಯಾರವಾನ್ ಎಳೆಯುವುದು ನಿನಗೆ ಬರುವುದಿಲ್ಲ ಎಂದರು. ಅದು ನಿಜವೇ ಆಗಿತ್ತು.

ಒಂದು ಪೆಟ್ರೋಲ್ ಬಂಕಿನಿಂದ ಹೊರಬಂದು ಬಲಕ್ಕೆ ತಿರುಗಬೇಕಿತ್ತು. ಅವರು ಬಲಗಡೆ ನೋಡಿದರು, ಇನ್ನೊಮ್ಮೆ ಬಲಗಡೆ ನೋಡಿದರು, ಹೊರಟೇಬಿಟ್ಟರು. ಎಡಗಡೆಯಿಂದ ಹಾಲಿನ ಟ್ಯಾಂಕರ್ ಬರುತ್ತಿತ್ತು. ನಾನು ಕೂಗಿದ್ದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಗೊತ್ತಿಲ್ಲ. ಬ್ರೇಕು ಬಿತ್ತು. ಟ್ಯಾಂಕರ್ ನಮ್ಮ ಬಾನೆಟ್ಟಿನ ಮುಂದೆ ಹಾರ್ನ್ ಊದುತ್ತ ಹಾದುಹೋಯಿತು. ಅದರ ಗಾಳಿಗೆ ಕಾರು ಅಲುಗಿತು. ಕ್ಯಾರವಾನಿನ ಒಳಗೆ ಪಾತ್ರೆಗಳು ಉರುಳಿದ ಸದ್ದು ಹಿಂದಿನಿಂದ ಕೇಳಿತು.

"ನೋಡಿಲ್ವಾ?" ಎಂದೆ.

"ನೋಡಿದೆ. ಏನೂ ಇರಲಿಲ್ಲ."

ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಬೆಟ್ಟ ಏರುತ್ತಿದ್ದಂತೆ ಊರುಗಳು ಕಡಿಮೆಯಾದವು. ಹಿಂದಿನ ವರ್ಷ ಆ ಪ್ರದೇಶದಲ್ಲೆಲ್ಲ ದನಕುರಿಗಳಿಗೆ ಕಾಲುಬಾಯಿ ಬೇನೆ ಬಂದು, ಸಾಲುಸಾಲಾಗಿ ಕೊಂದು ಸುಟ್ಟಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಕೆಲವು ಹೊಲಗಳ ಗೇಟಿನಲ್ಲಿ ಒಳಗೆ ಬರಬೇಡಿ ಎಂಬ ಹಳೆಯ ಬೋರ್ಡು ಮಳೆಗೆ ಮಾಸಿ ಇನ್ನೂ ನೇತಾಡುತ್ತಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಮೇಯುವುದಕ್ಕೆ ಪ್ರಾಣಿಯಿಲ್ಲ. "ಇಷ್ಟ ಹುಲ್ಲಿದ್ದು ಒಂದ ದನಾ ಇಲ್ಲಂದ್ರ ಹೆಂಗ್ರೆವಾ" ಎಂದು ಅಕ್ಕ ಕಿಟಕಿಯಾಚೆ ನೋಡುತ್ತ ಹೇಳಿದರು. ಆ ಖಾಲಿ ಹಸಿರು ಮೈಲಿಗಟ್ಟಲೆ ನಮ್ಮ ಜೊತೆಯಲ್ಲಿ ಬಂತು.

ಮುಂದೆ ಹಸಿರು ಬಣ್ಣದ ದೊಡ್ಡ ದಾರಿಫಲಕ ಕಂಡಿತು. ಅದರಲ್ಲಿ ಕೆಂಡಲ್ ಎಂಬ ಊರಿನ ಹೆಸರಿತ್ತು. ನನ್ನ ಗಂಡ ಓದಿದರು: "ದಾಲ್."

"ಏನು?"

"ಬೋರ್ಡಿನಲ್ಲಿ ದಾಲ್ ಅಂತಿದೆ. ಡಿ, ಎ, ಎಲ್."

ಮಗಳು ಹಿಂದಿನ ಸೀಟಿನಲ್ಲಿ ಖುಷಿಯಿಂದ ಕುಣಿದಳು. "ದಾಲ್! ವಿ ಆರ್ ಗೋಯಿಂಗ್ ಟು ದಾಲ್!" ಅಕ್ಕನೂ ತುಸು ನಕ್ಕರು. ಒಂದು ಗಳಿಗೆ ಕಾರಿನಲ್ಲಿ ಎಲ್ಲ ಮೊದಲಿನಂತಾಯಿತು. ಆಮೇಲೆ ನಾನು ಪಕ್ಕಕ್ಕೆ ನೋಡಿದೆ. ಅವರು ನಗುತ್ತಿರಲಿಲ್ಲ. ನಾವು ಯಾಕೆ ನಗುತ್ತಿದ್ದೇವೆಂದು ಅವರಿಗೆ ಗೊತ್ತಾಗಿರಲಿಲ್ಲ. ಹೆಸರಿನ ಎಡಗಡೆಯ ಅರ್ಧ ಅವರಿಗೆ ಇರಲೇ ಇಲ್ಲ.

ಲೇಕ್ ಡಿಸ್ಟ್ರಿಕ್ಟಿನಲ್ಲಿ ಒಂದು ಕೊಳ್ಳದಿಂದ ಇನ್ನೊಂದು ಕೊಳ್ಳಕ್ಕೆ ಹೋಗುವ ಘಟ್ಟದ ದಾರಿ ಹಿಡಿದೆವು. ಸುತ್ತುಬಳಸಿನ ದೊಡ್ಡ ರಸ್ತೆಯಲ್ಲಿ ಹೋಗೋಣವೆಂದು ನಾನು ಎಷ್ಟು ಹೇಳಿದರೂ, ಅದು ಎಡಕ್ಕೆ ಒಡೆಯುವ ದಾರಿಯಾಗಿದ್ದರಿಂದ, ಅದೂ ತಪ್ಪಿಹೋಗಿತ್ತು. ಒಮ್ಮೆ ಏರತೊಡಗಿದ ಮೇಲೆ ಕ್ಯಾರವಾನ್ ತಿರುಗಿಸುವಷ್ಟು ಜಾಗವಿಲ್ಲ. ಮಳೆ ಹನಿಯುತ್ತಿತ್ತು. ಎಡಕ್ಕೆ ಸೊಂಟದೆತ್ತರದ ಕಲ್ಲುಗೋಡೆ, ಅದರಾಚೆ ಏನೂ ಇಲ್ಲ, ಮೋಡ ಮಾತ್ರ. ಮೋಡ ಹರಿದಾಗ ತುಂಬ ಕೆಳಗೆ ಒಂದು ಹಳ್ಳ ದಾರದಂತೆ ಹೊಳೆದು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ನಾನು ಸುಮ್ಮನೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. "ಬಲಕ್ಕೆ. ಬಲಕ್ಕೆ. ಇನ್ನೂ ಬಲಕ್ಕೆ." ಜೋರಾಗಿ ಹೇಳಿದರೆ ಬೆಚ್ಚಿ ಸ್ಟಿಯರಿಂಗ್ ಎಳೆದುಬಿಡುತ್ತಾರೆಂಬ ಭಯ, ಮೆಲ್ಲಗೆ ಹೇಳಿದರೆ ಕೇಳುವುದಿಲ್ಲವೆಂಬ ಭಯ. ಹಿಂದೆ ಕ್ಯಾರವಾನ್ ಗೋಡೆಗೆ ಉಜ್ಜುತ್ತ ಬರುವ ಕರಕರ ಸದ್ದು. ಗೋಡೆಯ ಮೇಲಿನ ಸಾಲಿನ ಕಲ್ಲೊಂದು ಆಚೆಗೆ ಉರುಳಿತು. ಅದು ಬಿದ್ದ ಸದ್ದಿಗೆ ನಾನು ಕಾದೆ. ಸದ್ದು ಬರಲೇ ಇಲ್ಲ.

ಮಗಳು ಅಕ್ಕನ ತೊಡೆಯಲ್ಲಿ ಮುಖ ಹುದುಗಿಸಿದ್ದಳು.

ಘಟ್ಟದ ನೆತ್ತಿಯಲ್ಲಿ, ರಸ್ತೆಯ ಬಲಕ್ಕೆ, ಗಾಡಿಗಳು ನಿಲ್ಲಲು ಜಲ್ಲಿ ಹಾಸಿದ ಜಾಗವಿತ್ತು. ಕ್ಲಚ್ಚು ಸುಟ್ಟ ವಾಸನೆ ಬರುತ್ತಿದ್ದುದರಿಂದ ನನ್ನ ಗಂಡ ಅಲ್ಲಿಗೆ ಹೊರಳಿಸಿ ನಿಲ್ಲಿಸಿದರು. ನಾನು ಕೂಡಲೇ ಇಳಿದೆ. ಅವರೂ ಇಳಿದು ಕೊಕ್ಕೆಯ ಹತ್ತಿರ ಹೋಗಿ ಬಾಗಿ ನೋಡುತ್ತಿದ್ದರು. ನಾನು ಕಾರನ್ನು ಬಳಸಿಕೊಂಡು ಬಂದು ಅವರ ಎಡಪಕ್ಕದಲ್ಲಿ ನಿಂತೆ. ಕೈ ಚಾಚಿದರೆ ಭುಜಕ್ಕೆ ತಾಗುವಷ್ಟು ಹತ್ತಿರ.

ಅವರು ನೆಟ್ಟಗೆ ನಿಂತು, "ಎಲ್ಲಿ ಹೋದೆ?" ಎಂದು ಕೂಗಿದರು.

"ಇಲ್ಲೇ ಇದೀನಲ್ಲ."

ಅವರು ತಲೆಯನ್ನು ಬಲಕ್ಕೆ ತಿರುಗಿಸಿದರು. ಇನ್ನೂ ಬಲಕ್ಕೆ. ಆಮೇಲೆ ಮೈಯನ್ನೇ ಬಲಕ್ಕೆ ತಿರುಗಿಸುತ್ತ, ಪೂರ್ತಿ ಒಂದು ಸುತ್ತು ಬಂದು, ಕೊನೆಗೆ ನನ್ನನ್ನು ಕಂಡು, "ಓ! ಯಾವಾಗ ಬಂದೆ?" ಎಂದರು.

ನಾನು ಒಂದು ಹೆಜ್ಜೆ ಪಕ್ಕಕ್ಕೆ, ಅವರ ಎಡಕ್ಕೆ, ಸರಿದೆ. ಅವರ ಕಣ್ಣಿನಿಂದ ನಾನು ಹೋದೆ. ಅದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅವರ ಕಣ್ಣು ತೆರೆದೇ ಇತ್ತು, ನಾನು ಎದುರಿಗೇ ಇದ್ದೆ, ಆದರೆ ಯಾರೂ ಇಲ್ಲದ ಬೆಟ್ಟವನ್ನು ನೋಡುವ ಹಾಗೆ ನೋಡುತ್ತಿದ್ದರು. ಮಂಜಿನಲ್ಲಿ ಒಂದು ಕಾಗೆ ಕೂಗಿತು.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಅಕ್ಕ ಇಳಿದು ಬರುತ್ತಿದ್ದರು, ಸೀರೆಯ ಮೇಲೆ ನನ್ನ ಹಳೆಯ ಕೋಟು, ಕಾಲಿಗೆ ಮಗಳು ಆರಿಸಿ ಕೊಡಿಸಿದ ಕೆಂಪು ಬೂಟು. ನೇರವಾಗಿ ತಮ್ಮನ ಬಲಕ್ಕೆ ಬಂದು ನಿಂತು ಅಂಗೈ ಚಾಚಿದರು.

"ಕೀಲಿ ಕೊಡು."

"ಯಾಕ ಅಕ್ಕಾ?"

"ಕೊಡು ಅಂದ್ರ ಕೊಡು."

ಮೂರು ದಿನದಿಂದ ನನ್ನ ಮಾತು ಕೇಳದಿದ್ದವರು, ಬೈಸಿಕೊಂಡ ಹುಡುಗನಂತೆ ಜೇಬಿಗೆ ಕೈ ಹಾಕಿ ಕೀಲಿಯನ್ನು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ನನಗೆ ಕೊಟ್ಟರು. ಅವರ ಬೆರಳು ತಣ್ಣಗಿತ್ತು.

ಕ್ಯಾರವಾನನ್ನು ಅಲ್ಲೇ ಬಿಡುವುದೆಂದು ತೀರ್ಮಾನಿಸಿದೆವು. ಕೊಕ್ಕೆ ಬಿಡಿಸುವ ಕ್ರಮ ನನಗೆ ಗೊತ್ತಿರಲಿಲ್ಲ. ನನ್ನ ಗಂಡ ನಿಂತಲ್ಲಿಂದಲೇ ಹೇಳಿದರು: ಮೊದಲು ಕೈಬ್ರೇಕು ಎಳಿ, ಮುಂದಿನ ಸಣ್ಣ ಚಕ್ರ ಇಳಿಸು, ವೈರು ಬಿಡಿಸು, ಈಗ ಹಿಡಿ ಎತ್ತು. ಒಂದೂ ತಪ್ಪಲಿಲ್ಲ. ಬುದ್ಧಿ ನೆಟ್ಟಗಿತ್ತು, ನೆನಪು ನೆಟ್ಟಗಿತ್ತು, ದನಿ ನೆಟ್ಟಗಿತ್ತು. ಲೋಕದ ಅರ್ಧ ಮಾತ್ರ ಕಾಣೆಯಾಗಿತ್ತು, ಮತ್ತು ಅದು ಕಾಣೆಯಾದದ್ದೇ ಅವರಿಗೆ ತಿಳಿದಿರಲಿಲ್ಲ. ನಾನೂ ಅಕ್ಕನೂ ಕಲ್ಲು ಹೊತ್ತು ತಂದು ಚಕ್ರಗಳಿಗೆ ಒತ್ತು ಕೊಟ್ಟೆವು.

ಇಳಿಯುವಾಗ ಅವರು ನಾನು ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ, "ಈ ಕಡೆ ಬಾಗಿಲೇ ಇಲ್ವಲ್ಲ" ಎಂದರು. ಬಾಗಿಲು ಅವರ ಎಡ ಮೊಣಕೈಗೆ ತಾಗಿಕೊಂಡೇ ಇತ್ತು. ಆಮೇಲೆ ನನ್ನ ಕಡೆಗೆ, ಬಲಕ್ಕೆ, ನೋಡುತ್ತ, "ಈಗ ನೀನು ಚೆನ್ನಾಗಿ ಕಾಣ್ತಿದೀಯ" ಎಂದು ಸಂತೋಷದಿಂದ ಹೇಳಿದರು. ನಾನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಕಿತ್ತಿದ್ದರೆ ಅಳು ಬಂದುಬಿಡುತ್ತಿತ್ತು. ಹಿಂದಿನಿಂದ ಮಗಳು ಅಪ್ಪನ ಎಡಭುಜದ ಮೇಲೆ ಕೈಯಿಟ್ಟಳು. ಅವರು ತಿರುಗಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅಕ್ಕನಿಗೆ, ಎಂದೂ ಇಲ್ಲದ್ದು ಕನ್ನಡದಲ್ಲಿ ಕೇಳಿದಳು: "ಅಪ್ಪನಿಗೆ ಏನಾಗಿದೆ?"

"ಡಾಕ್ಟರ ನೋಡತಾರ ಪುಟ್ಟಿ. ನೀ ಹಿಡಕೊಂಡ ಕೂಡು."

ಕೆಳಗಿನ ಊರಿನ ಸಣ್ಣ ಆಸ್ಪತ್ರೆಯಲ್ಲಿ ಒಬ್ಬಳು ಯುವ ವೈದ್ಯೆ ಅವರ ಮುಂದೆ ಎರಡೂ ಕೈ ಚಾಚಿ ಯಾವ ಬೆರಳು ಅಲುಗುತ್ತಿದೆ ಎಂದು ಕೇಳಿದಳು. ಬಲಗಡೆಯದು ಮಾತ್ರ ಎಂದರು. ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಎಂದಳು. ಅವರು ಇಂಜಿನಿಯರ್, ಕೈಯಲ್ಲೇ ದುಂಡಗಿನ ವೃತ್ತ ಎಳೆದರು. ಆಮೇಲೆ ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೆಲ್ಲ ಬಲಗಡೆಯ ಅರ್ಧದಲ್ಲೇ ಒಂದರ ಕೆಳಗೊಂದು ತುರುಕಿ, "ಸರಿಯಾಗಿದೆಯಲ್ಲ?" ಎಂಬಂತೆ ತಲೆ ಎತ್ತಿದರು. ವೃತ್ತದ ಎಡಭಾಗ ಬಿಳಿಯಾಗಿ ಖಾಲಿ ಉಳಿದಿತ್ತು. ಜೀವಮಾನವಿಡೀ ಮಕ್ಕಳಿಗೆ ವೃತ್ತ ಕಲಿಸಿದ ಅಕ್ಕ ಅದನ್ನು ನೋಡಿ ಹೊರಗೆ ಹೋದರು. ನಾನು ಬಾಗಿಲಲ್ಲಿ ಇಣುಕಿದಾಗ ಕಾರಿಡಾರಿನ ಗೋಡೆಗೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ ನಿಂತಿದ್ದರು.

ತಲೆಬುರುಡೆಯ ಒಳಗೆ, ಮಿದುಳಿನ ಹೊದಿಕೆಯಲ್ಲಿ, ಬಲಗಡೆ ಒಂದು ಗಡ್ಡೆ ಬೆಳೆದಿತ್ತು. ಬಲಗಡೆಯ ಮಿದುಳು ನೋಡಿಕೊಳ್ಳುವುದು ಎಡಗಡೆಯ ಲೋಕವನ್ನು. ಅವರನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ, ಅಲ್ಲಿಂದ ಬರ್ಮಿಂಗ್‌ಹ್ಯಾಮಿಗೇ ತಂದರು. ಆಪರೇಷನ್ ಮಾಡಿದ ಸರ್ಜನ್, ಇದು ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ಮೆಲ್ಲಗೆ ಬೆಳೆದದ್ದು, ಹೆಚ್ಚಿನದನ್ನು ತೆಗೆದಿದ್ದೇನೆ ಎಂದರು. ಹೆಚ್ಚಿನದನ್ನು ಎಂಬ ಮಾತು ಆ ಹೊತ್ತಿಗೆ ನನಗೆ ಸಮಾಧಾನದ ಮಾತಾಗಿ ಕೇಳಿಸಿತು. ರಕ್ತನಾಳಕ್ಕೆ ಅಂಟಿಕೊಂಡ ಒಂದು ಚೂರನ್ನು ಮುಟ್ಟಲಿಲ್ಲವೆಂದು ಅವರು ಆಮೇಲೆ ವಿವರಿಸಿದರು.

ಅಕ್ಕ ವೀಸಾ ಮುಗಿಯುವವರೆಗೂ ನಮ್ಮ ಜೊತೆ ಉಳಿದರು. ಪುಸ್ತಕದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಅದು ಕಾಣುವವರೆಗೂ ತಲೆ ತಿರುಗಿಸಬೇಕೆಂದು ಚಿಕಿತ್ಸಕಿ ಹೇಳಿಕೊಟ್ಟಿದ್ದಳು. ದಿನಾ ಮಧ್ಯಾಹ್ನ ಅಕ್ಕ ತಮ್ಮನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಕನ್ನಡ ಓದಿಸುತ್ತಿದ್ದರು. ಮೊದಮೊದಲು 'ಮಗಳು' ಎಂಬುದನ್ನು ಅವರು 'ಗಳು' ಎಂದು ಓದುತ್ತಿದ್ದರು. "ಗೆರಿ ಎಲ್ಲೈತಿ? ಹುಡುಕು" ಎಂದು ಅಕ್ಕ ಮೇಜು ತಟ್ಟುತ್ತಿದ್ದರು. ನಿಧಾನವಾಗಿ ಎಡಗಡೆ ಮರಳಿ ಬಂತು. ಪೂರ್ತಿಯಲ್ಲ, ತಲೆ ತಿರುಗಿಸಿ ಕರೆದಾಗ ಬರುವಷ್ಟು. ಅವರು ಮತ್ತೆ ಕಾರು ಓಡಿಸಲಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದರು. ಸಿಟ್ಟು ಹೋಯಿತು, ಹಳೆಯ ಮೆಲುದನಿ ಬಂತು.

ಕೆಲವು ವರ್ಷಗಳ ನಂತರ ಒಂದು ಭಾನುವಾರ, ಊಟದ ಮೇಜಿನಲ್ಲಿ, ಅವರ ಎಡಗೈಗೆ ತಾಗಿ ಸಾರಿನ ಬಟ್ಟಲು ನೆಲಕ್ಕೆ ಬಿತ್ತು. ಸ್ಟೀಲ್ ಬಟ್ಟಲು ಗಿರಗಿರನೆ ಸುತ್ತಿ ನಿಂತಿತು. ದೊಡ್ಡವಳಾಗಿದ್ದ ಮಗಳು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು.

"ಕಾಣಿಸ್ತು. ಕೈ ಜಾರ್ತು ಅಷ್ಟೆ" ಎಂದರು ನನ್ನ ಗಂಡ.

ಆ ವಾರ, ವರ್ಷಕ್ಕೊಮ್ಮೆ ಆಗುತ್ತಿದ್ದ ಸ್ಕ್ಯಾನಿಗೆ ಕಾಯದೆ, ಹೆಚ್ಚುವರಿ ಸ್ಕ್ಯಾನ್ ಮಾಡಿಸಿದೆವು. ಉಳಿದ ಚೂರು ಇದ್ದಷ್ಟೇ ಇದೆ, ಬೆಳೆದಿಲ್ಲ ಎಂದರು ಡಾಕ್ಟರು. ಇದುವರೆಗೂ ಬೆಳೆದಿಲ್ಲ. ಬಟ್ಟಲು ಬಿದ್ದ ಆ ಮಧ್ಯಾಹ್ನ ಅವರು ತಾವೇ ಬಟ್ಟೆ ತಂದು ನೆಲ ಒರೆಸಿದರು. ಬಲಗಡೆಯಿಂದ ಒರೆಸುತ್ತ ಬಂದರು. ಎಡಗಡೆ ಗೋಡೆಯ ಬುಡದವರೆಗೂ ಒರೆಸುತ್ತಾರೋ ಇಲ್ಲವೋ ಎಂದು ನಾವಿಬ್ಬರೂ ನೋಡುತ್ತ ಕೂತಿದ್ದೆವು. ಒರೆಸಿದರು.